ಗೆದ್ದವರಿಗೇ ನೆನಪಿಲ್ಲದ ಗೆಲುವು

2003ರ ನವೆಂಬರ್ 22, ಸಿಡ್ನಿ. ರಗ್ಬಿ ವಿಶ್ವಕಪ್ ಫೈನಲ್‌ನ ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಿತ್ತು. ಇಂಗ್ಲೆಂಡ್, ಆಸ್ಟ್ರೇಲಿಯಾ 17–17ರಲ್ಲಿ ಸಮ. ಮಳೆಯಲ್ಲಿ ನೆನೆದ ಚೆಂಡು ಮೈದಾನದ ಪಕ್ಕದ ಗೆರೆ ದಾಟಿತ್ತು. ಅದನ್ನು ಆಟಗಾರರ ಎರಡು ಸಾಲುಗಳ ನಡುವೆ ನೇರವಾಗಿ ಎಸೆಯುವ ಕೆಲಸ ಇಂಗ್ಲೆಂಡಿನ ಹುಕರ್ ಸ್ಟೀವ್ ಥಾಂಪ್ಸನ್ ಅವರದು. ಹತ್ತಿರದವರಿಗೆ ಎಸೆದಿದ್ದರೆ ಅಪಾಯ ಕಡಿಮೆಯಿತ್ತು. ಅವರು ಎಸೆದದ್ದು ಸಾಲಿನ ಕೊನೆಯಲ್ಲಿದ್ದ ಲೂಯಿಸ್ ಮೂಡಿಗೆ. ಗುರಿ ತಪ್ಪಲಿಲ್ಲ. ಕೈಯಿಂದ ಕೈಗೆ ಸಾಗಿ ಚೆಂಡು ಜಾನಿ ವಿಲ್ಕಿನ್ಸನ್‌ಗೆ ಸಿಕ್ಕಿತು. ಎಡಗಾಲಲ್ಲೇ ಒದೆಯುವ ರೂಢಿಯ ಆ ಆಟಗಾರ, ಚೆಂಡನ್ನು ನೆಲಕ್ಕೆ ಬೀಳಿಸಿ ಬಲಗಾಲಲ್ಲಿ ಒದ್ದ ಡ್ರಾಪ್ ಗೋಲ್ ಇಂಗ್ಲೆಂಡಿಗೆ ಕಪ್ ತಂದಿತು.

ರಗ್ಬಿ ಪ್ರಿಯರಿಗೆ ಆ ಕ್ಷಣ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಥಾಂಪ್ಸನ್‌ಗೆ ಆ ಪಂದ್ಯವೇ ನೆನಪಿಲ್ಲ. 2020ರ ಡಿಸೆಂಬರ್‌ನಲ್ಲಿ, 42ನೇ ವಯಸ್ಸಿಗೇ, ತಮಗೆ ಮರೆವಿನ ಕಾಯಿಲೆ ಡಿಮೆನ್ಷಿಯಾ ಬಂದಿದೆಯೆಂದು ಅವರು ಬಹಿರಂಗವಾಗಿ ಹೇಳಿದರು. ಒಮ್ಮೊಮ್ಮೆ ಹೆಂಡತಿಯ ಹೆಸರೂ ಹೊಳೆಯುವುದಿಲ್ಲವಂತೆ.

ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಇದಕ್ಕೆ ಕಾರಣ ಎಂಬುದು ಅವರ ಮಾತು. ಎರಡೂ ತಂಡದವರು ಒತ್ತೊತ್ತಾಗಿ ಬಾಗಿ ಪರಸ್ಪರ ನೂಕಾಡುವ ಸ್ಕ್ರಮ್‌ನ ಮುಂದಿನ ಸಾಲಿನಲ್ಲಿ, ನಟ್ಟನಡುವೆ ನಿಲ್ಲುವವರು ಹುಕರ್. ಎರಡೂ ತೋಳು ಅಕ್ಕಪಕ್ಕದವರನ್ನು ಬಳಸಿರುತ್ತವೆ. ತಡೆಯಲು ಕೈ ಬಿಡುವಿಲ್ಲ. ಹಿಂದಿನಿಂದ ಐವರು ನೂಕುತ್ತಾರೆ, ಮುಂದೆ ಅಷ್ಟೇ ಭಾರದ ಎದುರಾಳಿಗಳು. ದೇಶಕ್ಕಾಗಿ 73 ಪಂದ್ಯಗಳಲ್ಲಿ ಥಾಂಪ್ಸನ್ ಹೀಗೆ ತಲೆಯೊಡ್ಡಿದರು. ಯಾರ ಕಣ್ಣಿಗೂ ಬೀಳದ ಅಭ್ಯಾಸದ ಪೆಟ್ಟುಗಳಿಗೆ ಲೆಕ್ಕ ಇಟ್ಟವರಿಲ್ಲ. 2007ರಲ್ಲಿ ಕುತ್ತಿಗೆಯ ಗಾಯಕ್ಕೆ ಆಟ ಬಿಟ್ಟವರು ಮತ್ತೆ ಮರಳಿ 2011ರವರೆಗೆ ಆಡಿದರು.

ದುಡಿದು ದಣಿದವರಿಗೆ ಕೊನೆಗಾಲದಲ್ಲಿ ನೆನಪೇ ಕೂಲಿ. ಥಾಂಪ್ಸನ್‌ಗೆ ಆ ಕೂಲಿಯೂ ದಕ್ಕಲಿಲ್ಲ. ಅವರ ಗೆಲುವು ಈಗ ನೋಡಿದವರ ಬಳಿ ಮಾತ್ರ ಇದೆ. ಆಡಳಿತ ಸಂಸ್ಥೆಗಳು ತಮ್ಮನ್ನು ಕಾಪಾಡಲಿಲ್ಲವೆಂದು ಅವರೂ ಇತರ ಆಟಗಾರರೂ ದಾವೆ ಹೂಡಿದ್ದಾರೆ. ಅದನ್ನು ನ್ಯಾಯಾಲಯ ನೋಡಿಕೊಳ್ಳಲಿ. ನನ್ನನ್ನು ಕಾಡುವುದು ಗ್ಯಾಲರಿಯಲ್ಲಿ ಕೂತವರ ಪಾಲು. ಪೆಟ್ಟು ತಿಂದು, ತೂರಾಡುತ್ತಲೇ ಎದ್ದು ನಿಂತವರಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಹೊರನಡೆದವರನ್ನು ಗಟ್ಟಿಗರಲ್ಲ ಅನ್ನುತ್ತೇವೆ. ಹಾಗೆ ಕಲಿಸಿದ ಮೇಲೆ ಯಾವ ಹುಡುಗ ತಾನೇ ತಲೆ ಸುತ್ತುತ್ತಿದೆಯೆಂದು ಬಾಯಿಬಿಟ್ಟಾನು?

ಮತ್ತೊಮ್ಮೆ ಅವಕಾಶ ಸಿಕ್ಕರೆ ರಗ್ಬಿ ಆಡುವುದಿಲ್ಲ, ಸಾಧಾರಣ ಬದುಕೇ ಸಾಕಿತ್ತು ಎಂದಿದ್ದಾರೆ ಥಾಂಪ್ಸನ್. ವಿಶ್ವಕಪ್ ಗೆದ್ದವರ ಬಾಯಲ್ಲಿ ಇಂಥ ಮಾತೇ ಎಂದು ಅಭಿಮಾನಿಗಳು ನೊಂದುಕೊಳ್ಳಬಹುದು. ನನಗೆ ಅದು ಕೃತಘ್ನತೆ ಅನ್ನಿಸುವುದಿಲ್ಲ. 2021ರಲ್ಲಿ ಅವರು, ಸತ್ತ ಮೇಲೆ ತಮ್ಮ ಮೆದುಳು ಸಂಶೋಧನೆಗೆ ಸಲ್ಲಲಿ ಎಂದು ಬರೆದುಕೊಟ್ಟರು. ತಾವು ಪ್ರೀತಿಸುವವರ ಮಕ್ಕಳಿಗೆ ಈ ಪಾಡು ಬರಬಾರದೆಂಬುದೇ ಅದಕ್ಕೆ ಅವರು ಕೊಟ್ಟ ಕಾರಣ.