ಏರಿನಲ್ಲಿ ಚಕ್ಕಡಿಯಿಂದ ಇಳಿಯಬೇಕು



ಕಳೆದ ಬೇಸಿಗೆಯಲ್ಲಿ ಬಂಕಾಪುರದ ಒಂದು ಮನೆಗೆ ಭೇಟಿಗೆಂದು ಹೋಗಿದ್ದೆ. ಒಕ್ಕಲುತನದ ಮನೆ. ಮಗ ಹುಬ್ಬಳ್ಳಿಯಲ್ಲಿ ನೌಕರಿಗಿದ್ದಾನೆ. ಚಹಾ ಕುಡಿಯುತ್ತ ಕುಳಿತಿದ್ದಾಗ ಅವನು ಎರಡು ಹಾಳೆಗಳನ್ನು ತಂದು ನನ್ನ ಮುಂದಿಟ್ಟ. ಎರಡೂ ಹಿಮಾಲಯದ ಚಾರಣದ ವಿವರಗಳು. ಹೋಗುವ ಬೆಟ್ಟ ಒಂದೇ, ಏರುವ ಎತ್ತರ ಒಂದೇ. ಊಟ, ಡೇರೆ, ಮಾರ್ಗದರ್ಶಿ ಎಲ್ಲವೂ ಉಂಟು ಎಂದು ಎರಡರಲ್ಲೂ ಬರೆದಿತ್ತು. ಆದರೆ ಒಂದಕ್ಕಿಂತ ಇನ್ನೊಂದಕ್ಕೆ ಆರು ಸಾವಿರ ರೂಪಾಯಿ ಕಡಿಮೆ.

“ಫಾದರ್, ಒಂದು ವರ್ಷದಿಂದ ಸ್ವಲ್ಪ ಸ್ವಲ್ಪ ರೊಕ್ಕಾ ಕೂಡಿಟ್ಟೇನ್ರಿ. ಕಮ್ಮಿ ಇದ್ದದ್ದಕ್ಕ ಹೋದ್ರ ತಪ್ಪೇನಾದ್ರೂ ಐತೇನ್ರಿ?” ಎಂದು ಕೇಳಿದ.

ಬಾಗಿಲ ಬಳಿ ಕುಳಿತಿದ್ದ ಅವನ ತಂದೆ, “ರೊಕ್ಕಾ ಕೊಟ್ಟು ಗುಡ್ಡಾ ಹತ್ತಾಕ ಹೊಂಟಾನ ನೋಡ್ರಿ. ನಮ್ಮೂರ ಕ್ವಾಟಿ ಹತ್ತಿದ್ರ ಸಾಲೂದಿಲ್ಲೇನು?” ಎಂದರು. ಎಲ್ಲರೂ ನಕ್ಕೆವು.

ನಗು ನಿಂತ ಮೇಲೂ ಹುಡುಗನ ಪ್ರಶ್ನೆ ಉಳಿಯಿತು. ಅದು ಅವನೊಬ್ಬನ ಪ್ರಶ್ನೆಯಲ್ಲ. ಇಂದು ನಮ್ಮ ಎಷ್ಟೋ ಮನೆಗಳ ಯುವಕ ಯುವತಿಯರು ಹಿಮಾಲಯದ ಕನಸು ಕಾಣುತ್ತಾರೆ. ಕೈಯಲ್ಲಿರುವ ಹಣ ಸ್ವಲ್ಪ. ಕಡಿಮೆ ಖರ್ಚಿನ ದಾರಿ ಹುಡುಕುವುದು ಸಹಜ. ಅದರಲ್ಲಿ ನ್ಯಾಯ ಅನ್ಯಾಯದ ಮಾತು ಎಲ್ಲಿಂದ ಬಂತು?

ಮೊದಲಿಗೇ ಒಂದು ಮಾತು ಸ್ಪಷ್ಟವಾಗಿರಲಿ. ಬೆಟ್ಟ ಹತ್ತುವ ಸಂತೋಷ ಹಣವಂತರ ಸ್ವತ್ತಲ್ಲ. 1909ರಲ್ಲಿ ರಿಚರ್ಡ್ ಶಿರ್ಮನ್ ಎಂಬ ಜರ್ಮನಿಯ ಶಾಲಾ ಶಿಕ್ಷಕರು ತಮ್ಮ ವಿದ್ಯಾರ್ಥಿಗಳೊಂದಿಗೆ ಕಾಲ್ನಡಿಗೆಯ ಪ್ರವಾಸ ಹೊರಟಿದ್ದರು. ಗುಡುಗು ಮಳೆಗೆ ಸಿಕ್ಕಿ ಹಳ್ಳಿಯ ಶಾಲೆಯೊಂದರಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳಲ್ಲಿ ನಡೆದು ಬರುವ ಮಕ್ಕಳು ತಂಗಬಹುದಲ್ಲವೇ ಎಂಬ ಯೋಚನೆ ಅವರಿಗೆ ಹೊಳೆದದ್ದು ಆ ರಾತ್ರಿ. ಯೂತ್ ಹಾಸ್ಟೆಲ್ ಚಳವಳಿ ಹುಟ್ಟಿದ್ದು ಹೀಗೆ. ಅದರ ಭಾರತೀಯ ಸಂಘವಾದ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಹಿಮಾಚಲ ಪ್ರದೇಶದ ಕಸೋಲ್‌ನಿಂದ ಸರ್ ಪಾಸ್‌ಗೆ ನಡೆಸುತ್ತ ಬಂದಿರುವ ಚಾರಣಕ್ಕೆ ನಮ್ಮ ರಾಜ್ಯದ ತರುಣರೂ ಹೋಗಿಬಂದಿದ್ದಾರೆ. ಸರ್ ಪಾಸ್ ಸುಮಾರು 13,800 ಅಡಿ ಎತ್ತರದಲ್ಲಿದೆ.

ಅಂಥ ಚಾರಣಗಳಲ್ಲಿ ಖರ್ಚು ಹೇಗೆ ಕಡಿಮೆಯಾಗುತ್ತದೆ ನೋಡಿ. ತಟ್ಟೆ ಲೋಟ ನೀವೇ ಒಯ್ಯಬೇಕು, ಉಂಡ ತಟ್ಟೆಯನ್ನು ನೀವೇ ತೊಳೆಯಬೇಕು. ನಿಮ್ಮ ಚೀಲ ನಿಮ್ಮ ಬೆನ್ನ ಮೇಲೆ. ಒಂದೇ ಡೇರೆಯಲ್ಲಿ ಹಲವರು ಮಲಗಬೇಕು. ಅದೇ ಡೇರೆಗಳು ಅಲ್ಲಿಯೇ ನಿಂತಿರುತ್ತವೆ, ತಂಡದ ಹಿಂದೆ ತಂಡ ಬಂದು ಬಳಸುತ್ತದೆ. ಅದಕ್ಕೆ ಜೊತೆಯಾಗಿ ದೆಹಲಿಗೆ ರೈಲಿನ ಸ್ಲೀಪರ್ ಬೋಗಿ, ಅಲ್ಲಿಂದ ಮುಂದೆ ರಾತ್ರಿ ಬಸ್ಸು, ಗೆಳೆಯರಿಂದ ಎರವಲು ತಂದ ಸ್ವೆಟರ್. ಇಲ್ಲೆಲ್ಲ ಉಳಿದ ಹಣ ಎಲ್ಲಿಂದ ಉಳಿಯಿತು? ನಿಮ್ಮ ಸುಖದಿಂದ, ನಿಮ್ಮ ಮೈಶ್ರಮದಿಂದ. ಇದು ಮಿತವ್ಯಯ. ಇದು ಸದ್ಗುಣವೇ ಸರಿ.

ಆದರೆ ಚಾರಣದ ಲೆಕ್ಕದಲ್ಲಿ ನಮ್ಮದಲ್ಲದ ಬಾಬತ್ತುಗಳೂ ಇರುತ್ತವೆ. ಅವುಗಳಿಗೆ ಕತ್ತರಿ ಹಾಕಿದರೆ ಅದನ್ನು ಮಿತವ್ಯಯ ಎನ್ನಲಾಗದು.

ಮೊದಲನೆಯದು ದಿನಗಳು. ಬಂಕಾಪುರ ಸಮುದ್ರಮಟ್ಟದಿಂದ ಆರುನೂರು ಮೀಟರ್ ಆಸುಪಾಸಿನ ಊರು. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. 2,500 ಮೀಟರ್ ದಾಟಿದ ಮೇಲೆ ಮನುಷ್ಯನ ದೇಹ ತೆಳುವಾದ ಗಾಳಿಗೆ ನಿಧಾನವಾಗಿ ಹೊಂದಿಕೊಳ್ಳಬೇಕು. 4,000 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಶೇಕಡಾ 60ರಷ್ಟು ಮಾತ್ರ. ಆದ್ದರಿಂದಲೇ 3,000 ಮೀಟರಿನ ಮೇಲೆ ರಾತ್ರಿ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಪಡೆಯಬೇಕು ಎಂದು ವೈದ್ಯರು ಹೇಳುತ್ತಾರೆ. ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಮೊದಲ ಲಕ್ಷಣಗಳು. ಅವನ್ನು ಕಡೆಗಣಿಸಿ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಬಾತುಕೊಳ್ಳಬಹುದು. ಆಗ ತಡಮಾಡದೆ ಕೆಳಗಿಳಿಸುವುದೇ ಮುಖ್ಯ ಚಿಕಿತ್ಸೆ. ಒಂದು ದಿನ ಕಡಿಮೆ ಮಾಡಿದರೆ ಊಟ, ಕೂಲಿ ಎಲ್ಲವೂ ಉಳಿಯುತ್ತದೆ ನಿಜ. “ನನ್ನ ದೇಹ, ನನ್ನ ಇಷ್ಟ” ಎಂದು ನೀವು ಹೇಳಬಹುದು. ಆದರೆ ಕುಸಿದು ಬಿದ್ದ ನಿಮ್ಮನ್ನು ಹೊತ್ತು ಇಳಿಸುವವರು ಬೇರೆಯವರು. ಊರಲ್ಲಿ ದೂರವಾಣಿಯ ಬಳಿ ಕಾಯುವವರೂ ಬೇರೆಯವರು.

ಎರಡನೆಯದು “ಹಿಂದಿರುಗೋಣ” ಎಂದು ಹೇಳುವ ಮಾರ್ಗದರ್ಶಿಯ ಸ್ವಾತಂತ್ರ್ಯ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ತಂಡದ ಹೆಚ್ಚಿನವರು ಕರ್ನಾಟಕದವರು. ಒಂಬತ್ತು ಮಂದಿ ತೀರಿಕೊಂಡರು, ಹದಿಮೂರು ಮಂದಿಯನ್ನು ರಕ್ಷಿಸಲಾಯಿತು. ಹಣ ಉಳಿಸಲು ಹೋಗಿ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅಗಲಿದವರಿಗೆ ಮಾಡುವ ಅನ್ಯಾಯ. ಬೇಸಿಗೆಯ ದಿನಗಳಲ್ಲೂ ಆ ಎತ್ತರದಲ್ಲಿ ಹವಾಮಾನ ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು ಎಂಬುದಷ್ಟೇ ನಾವು ನೆನಪಿಡಬೇಕಾದದ್ದು. ಅಂಥ ಜಾಗದಲ್ಲಿ ಮಾರ್ಗದರ್ಶಿ ಬೇಡವೆಂದಾಗ, “ಅಷ್ಟು ದೂರದಿಂದ ರೊಕ್ಕ ಕೊಟ್ಟು ಬಂದೀವಿ, ನಾಳೆಯೇ ರೈಲು” ಎಂದು ನಾವು ಒತ್ತಾಯಿಸಿದರೆ ಅವನೇನು ಮಾಡಬೇಕು? ಕೈಯಲ್ಲಿ ಒಂದು ದಿನವೂ ಹೆಚ್ಚಿಗೆ ಇಟ್ಟುಕೊಳ್ಳದೆ ಹೋದವನು ತನ್ನ ಅವಸರವನ್ನು ಅವನ ತಲೆಯ ಮೇಲೆ ಹೇರುತ್ತಾನೆ.

ಮೂರನೆಯದು ಹೊರೆ ಹೊರುವವನು. ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಒಂದು ರಜೆಯಲ್ಲಿ ಎಂಟು ಮಂದಿ ಗೆಳೆಯರು ಹಿಮಾಚಲಕ್ಕೆ ಹೋದೆವು. ಹಣದ ಲೆಕ್ಕ ನನ್ನ ಕೈಯಲ್ಲಿತ್ತು. ನಮ್ಮನ್ನು ಕರೆದೊಯ್ಯುವವನು ಇಬ್ಬರು ಹೊರೆಯಾಳುಗಳು ಬೇಕೆಂದ. ನಾನು ಚೌಕಾಸಿ ಮಾಡಿ ಒಬ್ಬನನ್ನು ಬಿಡಿಸಿದೆ. ಉಳಿದ ಹಣಕ್ಕಾಗಿ ಗೆಳೆಯರು ನನ್ನ ಬೆನ್ನು ತಟ್ಟಿದರು. ಇಬ್ಬರ ಹೊರೆ ಒಬ್ಬನ ಬೆನ್ನಿಗೆ ಬಿತ್ತು.

ಮೂರನೆಯ ರಾತ್ರಿ ನೀರು ಕುಡಿಯಲೆಂದು ಎದ್ದೆ. ಅಡುಗೆಯ ಡೇರೆಯ ಮೂಲೆಯಲ್ಲಿ ಅವನು ಗೋಣಿಚೀಲ ಹೊದ್ದು ಮುದುಡಿ ಮಲಗಿದ್ದ. ಕಾಲಲ್ಲಿ ತೊಯ್ದ ಕ್ಯಾನ್ವಾಸ್ ಬೂಟು. ಬಿಡದೆ ಕೆಮ್ಮುತ್ತಿದ್ದ. ಬೆಳಿಗ್ಗೆ ಎದ್ದಾಗ ನಡಿಗೆ ತೂರಾಡುತ್ತಿತ್ತು. ಅವನನ್ನು ಒಬ್ಬನೇ ಕೆಳಗಿಳಿದು ಹೋಗೆಂದು ಕಳುಹಿಸಿದರು. ನಾನು ಅವನ ಕೈಯಲ್ಲಿ ನೂರು ರೂಪಾಯಿ ಇಟ್ಟೆ. ಅಷ್ಟರಿಂದ ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ. ಅವನು ಹೊರುತ್ತಿದ್ದ ಸಾಮಾನನ್ನು ನಾವೆಂಟು ಮಂದಿ ಹಂಚಿಕೊಂಡೆವು. ಯಾರಿಗೂ ಅದು ಅಷ್ಟೇನೂ ಭಾರವಾಗಲಿಲ್ಲ. ಮೊದಲ ದಿನವೇ ಹಂಚಿಕೊಳ್ಳಬಹುದಿತ್ತು! ಮೇಲೇರಿ ಫೋಟೊ ತೆಗೆಸಿಕೊಂಡೆವು. ಇಳಿದ ಮೇಲೆ ವಿಚಾರಿಸಿದರೆ ಅವನು ಆ ಕಡೆಯವನಲ್ಲ, ಎಲ್ಲಿಂದಲೋ ಕೂಲಿಗೆ ಬಂದವನು ಎಂದರು. ಅವನು ಮನೆ ಮುಟ್ಟಿದನೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಅವನ ಹೆಸರನ್ನೂ ನಾನು ಕೇಳಿರಲಿಲ್ಲ. ಆ ವರ್ಷ ನ್ಯಾಯ ಎಂಬ ಸದ್ಗುಣದ ಮೇಲೆ ಪರೀಕ್ಷೆ ಬರೆದು ಒಳ್ಳೆಯ ಅಂಕ ಪಡೆದೆ.

ನೇಪಾಳದಲ್ಲಿ ಎತ್ತರದ ಕಾಯಿಲೆಯಿಂದ ತರುಣ ಹೊರೆಯಾಳೊಬ್ಬ ಸತ್ತ ನಂತರ, 1997ರಲ್ಲಿ, ಹೊರೆಯಾಳುಗಳ ರಕ್ಷಣೆಗೆಂದೇ ಅಂತರರಾಷ್ಟ್ರೀಯ ಸಂಘಟನೆಯೊಂದು ಹುಟ್ಟಿಕೊಂಡಿತೆಂದು ಬಹಳ ಕಾಲದ ಮೇಲೆ ಓದಿದೆ. ಅದು ಕೇಳುವುದು ದೊಡ್ಡದೇನಲ್ಲ. ಹೊರುವವನಿಗೆ ಚಳಿಗೆ ತಕ್ಕ ಬಟ್ಟೆ, ಬೂಟು ಇರಬೇಕು. ಮಲಗಲು ಒಣ ಜಾಗ, ಬಿಸಿ ಊಟ ಸಿಗಬೇಕು. ಚಾರಣಿಗನಿಗೆ ಸಿಗುವ ಔಷಧೋಪಚಾರವೇ ಅವನಿಗೂ ಸಿಗಬೇಕು. ಹೊರೆಗೆ ಮಿತಿ ಇರಬೇಕು. ಕಾಯಿಲೆ ಬಿದ್ದವನನ್ನು ಎಂದಿಗೂ ಒಬ್ಬನೇ ಕೆಳಗೆ ಕಳುಹಿಸಬಾರದು, ಅವನ ಭಾಷೆ ಬಲ್ಲವನೊಬ್ಬ ಜೊತೆಗಿರಬೇಕು. ಇದನ್ನು ಓದಿದ ದಿನ ನನ್ನ ಆ ನೂರು ರೂಪಾಯಿಯ ನೆನಪಾಗಿ ತಲೆ ತಗ್ಗಿಸಿದೆ.

“ಫಾದರ್, ಅವನೇ ಒಪ್ಪಿಕೊಂಡು ಬಂದಿದ್ದನಲ್ಲ? ನೀವೇನು ಬಲವಂತ ಮಾಡಿದಿರಾ?” ಎಂದು ನೀವು ಕೇಳಬಹುದು. ನಾನೂ ವರ್ಷಗಟ್ಟಲೆ ಮನಸ್ಸಿಗೆ ಹೀಗೆಯೇ ಸಮಾಧಾನ ಹೇಳಿಕೊಂಡೆ. ಆದರೆ ಈ ಮಾತಿಗೆ ಧರ್ಮಸಭೆ 1891ರಷ್ಟು ಹಿಂದೆಯೇ ಉತ್ತರ ಕೊಟ್ಟಿದೆ. ಜಗದ್ಗುರು ಹದಿಮೂರನೆಯ ಲಿಯೋ ಅವರು ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರದಲ್ಲಿ ಕೂಲಿಯ ವಿಷಯವನ್ನು ಎತ್ತಿಕೊಂಡು, ಇಬ್ಬರೂ ಒಪ್ಪಿದರೆಂಬ ಒಂದೇ ಕಾರಣಕ್ಕೆ ಕೂಲಿ ನ್ಯಾಯವಾಗುವುದಿಲ್ಲ ಎಂದು ಬೋಧಿಸಿದರು. ಹಸಿದವನು ಬೇರೆ ದಾರಿಯಿಲ್ಲದೆ ಒಪ್ಪುತ್ತಾನೆ. ಆ ಒಪ್ಪಿಗೆಯ ಹಿಂದೆ ಅವನ ಇಷ್ಟವಿಲ್ಲ, ಅವನ ಹೊಟ್ಟೆಯಿದೆ. ಇದನ್ನು ತಿಳಿಯಲು ವಿಶ್ವಪತ್ರವೇ ಬೇಕೆಂದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಬೆಳಗಿನಿಂದ ಚೀಲ ಹೊರುವ ಹಮಾಲರನ್ನು ನಿಂತು ನೋಡಿದವರಿಗೂ ಇದು ಅರ್ಥವಾಗುತ್ತದೆ.

ಆ ವಿಶ್ವಪತ್ರಕ್ಕೆ ನಲವತ್ತು ವರ್ಷ ತುಂಬಿದಾಗ, 1931ರಲ್ಲಿ, ದುಡಿಯುವವನ ಕೂಲಿ ಅವನ ಕುಟುಂಬದ ಪೋಷಣೆಗೂ ಸಾಲಬೇಕೆಂದು ಮತ್ತೆ ಒತ್ತಿ ಬರೆದವರು ಜಗದ್ಗುರು ಹನ್ನೊಂದನೆಯ ಪಿಯುಸ್. ಅವರು ಸ್ವತಃ ಪರ್ವತಾರೋಹಿ ಎಂಬುದು ನಿಮಗೆ ಗೊತ್ತೇ? 1889ರಲ್ಲಿ, ಇನ್ನೂ ಯುವ ಗುರುವಾಗಿದ್ದಾಗ, ಆಲ್ಪ್ಸ್ ಪರ್ವತಗಳ ಮೊಂತೆ ರೋಸಾ ಶಿಖರವನ್ನು ಅವರು ಏರಿದ್ದರು. ಜೊತೆಗೆ ಒಬ್ಬ ಗುರುಮಿತ್ರರು, ಬೆಟ್ಟದ ಸೀಮೆಯ ಇಬ್ಬರು ಸಹಾಯಕರು. ಎತ್ತರದ ಬಂಡೆಯ ಅಂಚಿನಲ್ಲಿ ನಾಲ್ವರೂ ಚಳಿಯಲ್ಲಿ ರಾತ್ರಿ ಕಳೆದರು. ಎಲ್ಲರಿಗೂ ಅದೇ ಬಂಡೆ, ಅದೇ ಚಳಿ. ನಾನಾದರೋ ಸ್ಲೀಪಿಂಗ್ ಬ್ಯಾಗಿನಿಂದ ಎದ್ದು ಹೋಗಿ ಗೋಣಿಚೀಲವನ್ನು ನೋಡಿ, ತಿರುಗಿ ಬಂದು ಮಲಗಿದವನು.

ಇನ್ನೊಂದು ಮಾತೂ ಬರುತ್ತದೆ. “ನಾನೂ ಬಡವನೇ. ಎಲ್ಲರಿಗೂ ಸರಿಯಾಗಿ ಕೊಡಬೇಕೆಂದರೆ ನಾನು ಮನೆಯಲ್ಲೇ ಕೂರಬೇಕಾಗುತ್ತದೆ.” ಈ ಮಾತಿನಲ್ಲಿ ನೋವಿದೆ, ಅದನ್ನು ಹಗುರವಾಗಿ ತಳ್ಳಲಾಗದು. ನನಗೆ ತೋಚುವುದು ಇಷ್ಟು. ಬಡವನಿಗೆ ಬೆಟ್ಟದ ಹಕ್ಕಿದೆ, ಆದರೆ ತನಗಿಂತ ಬಡವನ ಬೆನ್ನ ಮೇಲೆ ಹತ್ತಿ ಹೋಗುವ ಹಕ್ಕಿಲ್ಲ. ಹಣ ಸಾಲದಿದ್ದರೆ ಇನ್ನೊಂದು ವರ್ಷ ಕೂಡಿಡಬಹುದು. ಎತ್ತರ ಕಡಿಮೆ ಮಾಡಬಹುದು. ಮುಳ್ಳಯ್ಯನಗಿರಿಗೂ ಕುದುರೆಮುಖಕ್ಕೂ ಮೋಡ ಇಳಿದು ಬರುತ್ತದೆ. ಚೀಲದ ಭಾರ ಇಳಿಸಿ ತಾನೇ ಹೊರಬಹುದು.

ಹುಡುಗನಿಗೆ ನಾನು ಉತ್ತರ ಕೊಡಲಿಲ್ಲ. ಎರಡೂ ಕಡೆಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳು ಎಂದೆ. ಮೈ ಹೊಂದಿಕೊಳ್ಳಲು ಎಷ್ಟು ದಿನ ಇಟ್ಟಿದ್ದೀರಿ? ಹವೆ ಕೆಟ್ಟರೆ ಹಿಂದಿರುಗುವ ತೀರ್ಮಾನ ಯಾರದು? ಹೊರುವವರು ಎಷ್ಟು ಕಿಲೋ ಹೊರುತ್ತಾರೆ, ಎಲ್ಲಿ ಮಲಗುತ್ತಾರೆ? ಅವರಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಏನು ಮಾಡುತ್ತೀರಿ?

ಅಗ್ಗದವರು ಮೊದಲ ಎರಡಕ್ಕೆ ಉತ್ತರ ಕೊಟ್ಟು, ಉಳಿದವಕ್ಕೆ “ಅದರ ಚಿಂತೆ ನಿಮಗ್ಯಾಕೆ?” ಎಂದರಂತೆ. ದುಬಾರಿಯವರೂ ಕೊನೆಯ ಪ್ರಶ್ನೆಗೆ ತಡವರಿಸಿದರಂತೆ. ಹೆಚ್ಚು ಹಣ ಕೊಟ್ಟೊಡನೆ ಅದು ಹೊರುವವನ ಕೈ ಸೇರುತ್ತದೆ ಎಂದೇನೂ ಇಲ್ಲ. ಕೇಳಿಯೇ ತಿಳಿಯಬೇಕು. ಹುಡುಗ ಈ ವರ್ಷ ಹೋಗಲಿಲ್ಲ. ಮುಂದಿನ ಮೇ ತಿಂಗಳಿಗೆಂದು ಇನ್ನೂ ಕೂಡಿಡುತ್ತಿದ್ದಾನೆ, ಇನ್ನೂ ವಿಚಾರಿಸುತ್ತಿದ್ದಾನೆ. ದಿನವೂ ಬೆಳಿಗ್ಗೆ ಭಾರದ ಚೀಲ ಹೊತ್ತು ನಡೆಯುವ ಅಭ್ಯಾಸ ಮಾಡುತ್ತಿದ್ದಾನಂತೆ.

ಈ ಎಲ್ಲ ಮಾತನ್ನು ಕೇಳಿಸಿಕೊಂಡ ಅವನ ತಂದೆ ಅಂದು ನನ್ನನ್ನು ಬೀಳ್ಕೊಡಲು ರಸ್ತೆಯವರೆಗೆ ಬಂದರು. “ಇದರಾಗ ಹೊಸಾದೇನೈತ್ರಿ ಫಾದರ್? ಹೇರು ಹೇರಿಕೊಂಡು ಬರುವಾಗ ಏರು ಬಂತಂದ್ರ ನಾವು ಚಕ್ಕಡಿ ಮ್ಯಾಲ ಕುಂದರೂದಿಲ್ಲ. ಇಳದು, ಹಿಂದಿಂದ ಕೈ ಕೊಟ್ಟು ನೂಕತೀವಿ. ಎತ್ತಿಗೂ ಜೀವ ಐತಲ್ರಿ” ಎಂದರು.

ಪ್ರಿಯರೇ, ನಮ್ಮಲ್ಲಿ ಹಿಮಾಲಯಕ್ಕೆ ಹೋಗುವವರು ಕೆಲವರು. ಆದರೆ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಸಬೇಕಾದವರು ಎಲ್ಲರೂ. ಮನೆ ಕಟ್ಟಿಸುತ್ತೇವೆ, ಮದುವೆ ಮಾಡುತ್ತೇವೆ, ಹಬ್ಬಕ್ಕೆ ಬಟ್ಟೆ ಹೊಲಿಸುತ್ತೇವೆ, ಮನೆಗೆಲಸಕ್ಕೆ ಒಬ್ಬಾಕೆಯನ್ನು ಕರೆಯುತ್ತೇವೆ. ಚೌಕಾಸಿ ಮಾಡಿ ಗೆದ್ದು ಬಂದ ದಿನ ರಾತ್ರಿ ಊಟಕ್ಕೆ ಕುಳಿತಾಗ, ಉಳಿದ ಆ ಹಣ ಯಾರ ಬೆನ್ನಿನಿಂದ ಉಳಿಯಿತು ಎಂದು ಮನೆಮಂದಿಯೆಲ್ಲ ಒಮ್ಮೆ ಕೇಳಿಕೊಳ್ಳೋಣ. ಕೆಲಸ ಮಾಡಿದವರ ಹೆಸರನ್ನಾದರೂ ಕೇಳಿ ತಿಳಿದಿರೋಣ.