ಹುಟ್ಟುಗುಣ ಮತ್ತು ಸಾಧನೆ

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ನಾವು ದಾರಿ ತಪ್ಪಿದವರನ್ನು ಕುರಿತೇ ಆಡುತ್ತೇವೆ. ಹುಟ್ಟುಗುಣವೆಂದರೆ ದುರ್ಗುಣವೇ ಎಂದು ನಿರ್ಧರಿಸಿಬಿಟ್ಟವರಂತೆ ಮಾತನಾಡುತ್ತೇವೆ. ಈ ನಿರ್ಧಾರವು ಸಾಧುವೇ?

ಚೀನಾದೇಶದಲ್ಲಿ ಕನ್‌ಫ್ಯೂಷಿಯಸ್‌ನ (ಕ್ರಿ. ಪೂ. 551–479) ಪರಂಪರೆಯವರು ಈ ಪ್ರಶ್ನೆಯನ್ನು ಆಳವಾಗಿ ಚಿಂತಿಸಿದರು. ಕ್ರಿ. ಪೂ. 4ನೆಯ ಶತಮಾನದ ಮೆನ್ಷಿಯಸ್‌ನು ಮಾನವಸ್ವಭಾವವು ಒಳ್ಳೆಯದೆಂದೇ ಸಾರಿದನು. ಆತನು ಕೊಟ್ಟ ನಿದರ್ಶನ ಸರಳವಾದುದು. ಮಗುವೊಂದು ಬಾವಿಗೆ ಬೀಳುವುದರಲ್ಲಿದೆ. ಕಂಡವರ ಎದೆ ಝಲ್ಲೆನ್ನುತ್ತದೆ. ಹೊಗಳಿಕೆಯ ಆಸೆಯಾಗಲಿ ನಿಂದೆಯ ಭಯವಾಗಲಿ ಆ ಕ್ಷಣದಲ್ಲಿ ಹೊಳೆಯುವುದಿಲ್ಲ. ಆದರೆ ಗಮನಿಸಿರಿ: ಆತನು ಇದನ್ನು ಫಲವೆನ್ನಲಿಲ್ಲ, ಮೊಳಕೆಯೆಂದನು. ಕರುಣೆ, ಲಜ್ಜೆ, ವಿನಯ, ಸರಿತಪ್ಪುಗಳ ವಿವೇಕ ಇವೇ ಎಲ್ಲರಲ್ಲಿಯೂ ಇರುವ ನಾಲ್ಕು ಮೊಳಕೆಗಳು.

ಹಾಗಾದರೆ ದುಷ್ಟತನವೆಲ್ಲಿಂದ? ಇದಕ್ಕೆ ಆತನು ಚೀ ರಾಜ್ಯದ ರಾಜಧಾನಿಯ ಸಮೀಪದ ‘ಎತ್ತಿನ ಬೆಟ್ಟ’ವನ್ನು ತೋರಿಸಿದನು. ಒಂದು ಕಾಲಕ್ಕೆ ಅಲ್ಲಿ ಸೊಗಸಾದ ಮರಗಳಿದ್ದವು. ಕೊಡಲಿಗಳು ಅವನ್ನು ಕಡಿದುಹಾಕಿದವು. ಮಳೆ ಇಬ್ಬನಿಗಳಿಂದ ಮತ್ತೆ ಚಿಗುರು ಬಂದರೂ ದನಕುರಿಗಳು ಮೇಯ್ದುಬಿಟ್ಟವು. ಬೋಳುಬೆಟ್ಟವನ್ನು ಕಂಡವರು ಅಲ್ಲಿ ಮರಗಳೇ ಇರಲಿಲ್ಲವೆಂದು ಭಾವಿಸುವರು. ಕೆಟ್ಟವನ ಹೃದಯವೂ ಹಾಗೆಯೇ. ರಾತ್ರಿಯ ಶಾಂತಿಯಲ್ಲಿ ಚಿಗುರಿದುದನ್ನು ಹಗಲಿನ ನಡತೆ ತುಳಿದುಹಾಕುತ್ತದೆ.

ಕ್ರಿ. ಪೂ. 3ನೆಯ ಶತಮಾನದ ಷುನ್‌ತ್ಸುವು ಇದನ್ನು ಖಂಡಿಸಿದನು. ಸ್ವಭಾವವು ಕೆಟ್ಟದ್ದು, ಡೊಂಕು ಮರವನ್ನು ಹಬೆಯಲ್ಲಿಟ್ಟು ಒತ್ತಿ ನೆಟ್ಟಗಾಗಿಸುವಂತೆ ಗುರು ಮತ್ತು ಆಚಾರಗಳೇ ಮನುಷ್ಯನನ್ನು ತಿದ್ದಬೇಕು ಎಂಬುದು ಆತನ ಮತ. ಮೆನ್ಷಿಯಸ್‌ನ ವಾದದಲ್ಲಿ ಸೋಮಾರಿತನಕ್ಕೆ ಎಡೆಯಿದೆಯೆಂದು ಶಂಕಿಸುವವರಿಗೆ ಈ ಮಾತು ಒಪ್ಪಿಗೆಯಾದೀತು. ಆದರೂ ಸಾಮಾನ್ಯನು ಸಾಧನೆಯಿಂದ ಮಹಾತ್ಮನಾಗಬಲ್ಲನೆಂಬಲ್ಲಿ ಇಬ್ಬರದೂ ಏಕಾಭಿಪ್ರಾಯ. ಭೇದವಿರುವುದು ತಿದ್ದುವ ಕೈಯಲ್ಲಿ: ಒಬ್ಬನ ಗುರು ಬಡಗಿ, ಇನ್ನೊಬ್ಬನ ಗುರು ಬೇಸಾಯಗಾರ.

ಬೇಸಾಯಗಾರನಿಗೂ ಮೆನ್ಷಿಯಸ್ ಎಚ್ಚರಿಕೆಯನ್ನು ಹೇಳದೆ ಬಿಟ್ಟಿಲ್ಲ. ಸುಂಗ್ ರಾಜ್ಯದ ರೈತನೊಬ್ಬನು ಪೈರು ಬೇಗ ಬೆಳೆಯಲೆಂದು ಒಂದೊಂದನ್ನೂ ಮೇಲಕ್ಕೆ ಜಗ್ಗಿದನಂತೆ, ಪೈರೆಲ್ಲ ಬಾಡಿಹೋಯಿತು. ಕಳೆ ಕೀಳದಿರುವುದು ಆಲಸ್ಯ. ಪೈರನ್ನು ಜಗ್ಗುವುದು ಆತುರ. ಎರಡರಿಂದಲೂ ಬೆಳೆ ಹಾಳು.

ವಾಚಕರೇ, ಮನೆಯ ಮಗನೋ ನೆರೆಯವನೋ ಕೆಟ್ಟಾಗ ‘ಅವನ ಹುಟ್ಟುಗುಣವೇ ಅಂಥದು’ ಎನ್ನುವ ಮುನ್ನ ಬೋಳುಬೆಟ್ಟವನ್ನು ನೆನೆಯಿರಿ. ಕೊಡಲಿ ಯಾರದು, ಚಿಗುರನ್ನು ಮೇಯ್ದುದು ಯಾವುದು, ಕಾವಲಿರಬೇಕಾಗಿದ್ದ ನಾವು ಎಲ್ಲಿದ್ದೆವು ಎಂದು ಕೇಳಿಕೊಳ್ಳಿರಿ. ಇದರಿಂದ ತಪ್ಪಿತಸ್ಥನ ಹೊಣೆ ತಪ್ಪದು. ನಮ್ಮ ಹೊಣೆ ಮಾತ್ರ ಹೆಚ್ಚುವುದು. ಸದ್ಗುಣವೇ ಹುಟ್ಟುಗುಣವಾಗಿದ್ದಲ್ಲಿ, ಸುಟ್ಟರೂ ಹೋಗದಿರುವುದು ಅದೇ ಅಲ್ಲವೇ?