ಸುದ್ದಿಯ ರಾವಿ ಯಾರು?

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಪೆದ್ದರನ್ನು ಗೇಲಿ ಮಾಡಲು ನಾವು ಬಳಸುವ ಗಾದೆ ಇದು. ಇದರಲ್ಲಿ ಇಬ್ಬರು ಕಾಣಿಸುತ್ತಾರೆ. ಎತ್ತು ಈಯಿತು ಎಂದವನೊಬ್ಬ, ಕಟ್ಟು ಎಂದವನೊಬ್ಬ. ಆದರೆ ಊರಿನ ಸುದ್ದಿಗಳೆಲ್ಲ ಹೀಗೆ ನೇರವಾಗಿ ಬರುವುದಿಲ್ಲ. ಒಬ್ಬ ಹೇಳಿದ್ದನ್ನು ಇನ್ನೊಬ್ಬನಿಗೆ ಹೊತ್ತು ತರುವ ಮೂರನೆಯವನೊಬ್ಬ ನಡುವೆ ಇರುತ್ತಾನೆ. ಅವನ ಬಗ್ಗೆ ಗಾದೆ ಏನೂ ಹೇಳುವುದಿಲ್ಲ. ಹಗ್ಗ ಹಿಡಿದು ಕೊಟ್ಟಿಗೆಗೆ ಹೋದವರು ನಗೆಪಾಟಲಾದರೆ ಅಲ್ಲಿಗೆ ಮುಗಿಯಿತು. ಆದರೆ ಅದೇ ಬಗೆಯ ಸುದ್ದಿಯನ್ನು ನಂಬಿ ಒಂದು ಸೈನ್ಯವೇ ಹೊರಟರೆ? ಒಂದು ದೇಶವೇ ಸುಟ್ಟುಹೋದರೆ? ಆಗ ಸುಳ್ಳು ಹೇಳಿದವನ ಪಾಪದಲ್ಲಿ ಸುಳ್ಳನ್ನು ದಾಟಿಸಿದವನ ಪಾಲು ಎಷ್ಟು?

ಇದು ಬರಿಯ ತರ್ಕದ ಪ್ರಶ್ನೆಯಲ್ಲ. 2003ರ ಮಾರ್ಚ್ 20ರಂದು ಅಮೆರಿಕ ಮತ್ತು ಬ್ರಿಟನ್ ಇರಾಕಿನ ಮೇಲೆ ದಾಳಿ ಮಾಡಿದ್ದು ಒಂದು ಸುದ್ದಿಯನ್ನು ಮುಂದಿಟ್ಟುಕೊಂಡೇ. ಸದ್ದಾಮ್ ಹುಸೇನರ ಬಳಿ ಸಮೂಹ ನಾಶಕ ಅಸ್ತ್ರಗಳಿವೆ ಎಂಬುದು ಆ ಸುದ್ದಿ. ಯುದ್ಧದ ನಂತರ ಆ ಅಸ್ತ್ರಗಳನ್ನು ಹುಡುಕಲು ಅಮೆರಿಕವೇ ರಚಿಸಿದ ಇರಾಕ್ ಸರ್ವೇ ಗ್ರೂಪ್, ಅಂಥ ದಾಸ್ತಾನು ಇರಲಿಲ್ಲವೆಂದು 2004ರಲ್ಲಿ ವರದಿ ಕೊಟ್ಟಿತು. ಬುಷ್ ಮತ್ತು ಬ್ಲೇರ್ ಬಗ್ಗೆ ಜಗತ್ತು ಸಾಕಷ್ಟು ಬರೆದಿದೆ, ಬೈದಿದೆ. ನನ್ನ ಕುತೂಹಲ ಇರುವುದು ಆ ಮೂರನೆಯವನ ಬಗ್ಗೆ.

ಉರ್ದುವಿನಲ್ಲಿ ಪತ್ರಿಕೆಗೆ ಅಖ್ಬಾರ್ ಎನ್ನುತ್ತಾರೆ. ಖಬರ್, ಅಂದರೆ ಸುದ್ದಿ, ಎಂಬ ಅರಬಿ ಪದದ ಬಹುವಚನ ಅದು. ಸ್ವಾರಸ್ಯವೆಂದರೆ ಹದೀಸ್ ಶಾಸ್ತ್ರದಲ್ಲೂ ಖಬರ್ ಎಂಬುದು ಪಾರಿಭಾಷಿಕ ಪದ. ಪ್ರವಾದಿಯವರ ಮಾತು ಹಾಗೂ ನಡೆಯ ಬಗ್ಗೆ ಬಂದ ವರದಿಯನ್ನು ಹಾಗೆ ಕರೆಯುತ್ತಾರೆ. ಅದನ್ನು ವರದಿ ಮಾಡಿದವನು ರಾವಿ. ಒಬ್ಬ ರಾವಿಯಿಂದ ಇನ್ನೊಬ್ಬನಿಗೆ ಸಾಗಿಬಂದ ಸರಪಳಿಗೆ ಇಸ್ನಾದ್ ಎಂದು ಹೆಸರು. ವರದಿಯಲ್ಲಿ ಇರುವುದು ಎಷ್ಟೇ ಸುಂದರವಾದ ಮಾತಾದರೂ ವಿದ್ವಾಂಸರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: ರಾವಿ ಯಾರು? ಅವನು ಪ್ರಾಮಾಣಿಕನೇ? ಅವನ ನೆನಪಿನ ಶಕ್ತಿ ಹೇಗಿದೆ? ಇದರಲ್ಲಿ ಅವನಿಗೇನಾದರೂ ಲಾಭವಿದೆಯೇ? ಇಮಾಮ್ ಬುಖಾರಿಯವರಂತೂ ಹೇಳಿದವನೂ ಕೇಳಿದವನೂ ಒಂದೇ ಕಾಲದಲ್ಲಿ ಬದುಕಿದ್ದರೆ ಸಾಲದು, ಅವರಿಬ್ಬರೂ ಭೇಟಿಯಾಗಿದ್ದುದಕ್ಕೆ ಆಧಾರ ಬೇಕು ಎನ್ನುತ್ತಿದ್ದರು. ನಮಾಜು ರೋಜಾ ತಪ್ಪಿಸದ ಭಕ್ತನೇ ಆಗಿದ್ದರೂ ನೆನಪು ಸಡಿಲವಾಗಿದ್ದರೆ ಅವನ ವರದಿಯನ್ನು ದುರ್ಬಲವೆಂದು ಬದಿಗಿಡುತ್ತಿದ್ದರು. ರಾವಿಗಳ ಜೀವನ ಚರಿತ್ರೆಯೇ ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆಯಿತು. ಇದನ್ನು ನಾನಿಲ್ಲಿ ಹೇಳುತ್ತಿರುವುದು ಧರ್ಮಬೋಧೆಗಾಗಿ ಅಲ್ಲ. ದೂರದ ಸುದ್ದಿಯನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸಲು ಮನುಷ್ಯರು ಸಾವಿರ ವರ್ಷಗಳ ಹಿಂದೆಯೇ ಒಂದು ಅಳತೆಗೋಲನ್ನು ಮಾಡಿಟ್ಟಿದ್ದರು ಎಂಬುದಕ್ಕಾಗಿ. ಆ ಅಳತೆಗೋಲನ್ನು ಇರಾಕ್ ಯುದ್ಧದ ಸುದ್ದಿಗಳಿಗೆ ಹಿಡಿದು ನೋಡೋಣ.

2002ರ ಸೆಪ್ಟೆಂಬರ್ 8ರ ಭಾನುವಾರ ನ್ಯೂಯಾರ್ಕ್ ಟೈಮ್ಸ್ ತನ್ನ ಮುಖಪುಟದಲ್ಲಿ ಒಂದು ವರದಿ ಪ್ರಕಟಿಸಿತು. ಇರಾಕ್ ವಿಶೇಷ ಬಗೆಯ ಅಲ್ಯುಮಿನಿಯಂ ಕೊಳವೆಗಳನ್ನು ತರಿಸಿಕೊಳ್ಳಲು ಯತ್ನಿಸಿದೆ, ಅವು ಅಣುಬಾಂಬಿಗೆ ಬೇಕಾದ ಯುರೇನಿಯಂ ಸಂಸ್ಕರಣೆಗಾಗಿ ಎಂಬುದು ಅದರ ಸಾರ. ಹೇಳಿದವರು ಯಾರು? ಹೆಸರಿಲ್ಲದ ಸರ್ಕಾರಿ ಅಧಿಕಾರಿಗಳು. ಅದೇ ದಿನ ಬೆಳಗ್ಗೆ ಉಪಾಧ್ಯಕ್ಷ ಡಿಕ್ ಚೆನಿ ಟೀವಿಯಲ್ಲಿ ಕುಳಿತು, ಈ ಕೊಳವೆಗಳ ಸಂಗತಿ ಇವತ್ತಿನ ನ್ಯೂಯಾರ್ಕ್ ಟೈಮ್ಸಿನಲ್ಲಿಯೇ ಬಂದಿದೆಯಲ್ಲ ಎಂದು ಆ ಪತ್ರಿಕೆಯನ್ನೇ ಪುರಾವೆಯಾಗಿ ತೋರಿಸಿದರು. ಗಮನಿಸಿ, ಸರ್ಕಾರ ಪತ್ರಿಕೆಗೆ ಹೇಳಿತು. ಪತ್ರಿಕೆ ಜನರಿಗೆ ಹೇಳಿತು. ಪತ್ರಿಕೆ ಹೇಳಿದೆಯಲ್ಲ ಎಂದು ಸರ್ಕಾರ ಮತ್ತೆ ಜನರಿಗೆ ಹೇಳಿತು. ಇದು ಸರಪಳಿಯಲ್ಲ, ಬಳೆ. ಮೊದಲ ರಾವಿಯೂ ಕೊನೆಯ ರಾವಿಯೂ ಒಬ್ಬನೇ. ಆದರೆ ಓದುಗನಿಗೆ ಕಂಡಿದ್ದು ಇಬ್ಬರು ಸಾಕ್ಷಿಗಳು.

ಎರಡನೆಯದು ಇನ್ನೂ ವಿಚಿತ್ರ. 2003ರ ಫೆಬ್ರವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ನಿಂತು, ಇರಾಕ್ ಲಾರಿಗಳ ಮೇಲೆ ಜೈವಿಕ ಅಸ್ತ್ರಗಳ ಕಾರ್ಖಾನೆಗಳನ್ನು ಇಟ್ಟುಕೊಂಡಿದೆ ಎಂದರು. ಅದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಇದ್ದಾನೆ ಎಂದೂ ಹೇಳಿದರು. ಆ ಸಾಕ್ಷಿ ಜರ್ಮನಿಯಲ್ಲಿ ಆಶ್ರಯ ಕೇಳಿ ಬಂದಿದ್ದ ಒಬ್ಬ ಇರಾಕಿ ಎಂಜಿನಿಯರ್. ಗುಪ್ತಚರರ ಕಡತದಲ್ಲಿ ಅವನ ಹೆಸರು ಕರ್ವ್‌ಬಾಲ್. ಅವನನ್ನು ವಿಚಾರಿಸಿದ್ದು ಜರ್ಮನಿಯ ಗುಪ್ತಚರ ಸಂಸ್ಥೆ. ಯುದ್ಧಕ್ಕೆ ಮೊದಲು ಅಮೆರಿಕದ ಸಿಐಎ ಅವನನ್ನು ಒಮ್ಮೆಯೂ ತಾನಾಗಿ ವಿಚಾರಿಸಿರಲಿಲ್ಲ. ಬುಖಾರಿಯವರ ಷರತ್ತಿನ ಮುಂದೆ ಈ ಸರಪಳಿ ಮೊದಲ ಕೊಂಡಿಯಲ್ಲೇ ತುಂಡಾಗುತ್ತದೆ. ಸದ್ದಾಮರನ್ನು ಇಳಿಸಬೇಕೆಂದು ತಾನು ಸುಳ್ಳು ಹೇಳಿದ್ದೆ ಎಂದು 2011ರಲ್ಲಿ ಅವನೇ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಗೆ ತಿಳಿಸಿದ. ಆ ಭಾಷಣ ತಮ್ಮ ಹೆಸರಿಗೆ ಅಂಟಿದ ಕಲೆ ಎಂದು ಪೊವೆಲ್ 2005ರಲ್ಲೇ ಒಪ್ಪಿಕೊಂಡಿದ್ದರು. ಆದರೆ ಭಾಷಣದ ಮರುದಿನ ಅಮೆರಿಕದ ದೊಡ್ಡ ಪತ್ರಿಕೆಗಳ ಸಂಪಾದಕೀಯ ಪುಟಗಳು ಅದನ್ನು ಹೊಗಳಿ ಬರೆದಿದ್ದವು.

ಇಲ್ಲಿ ಪತ್ರಕರ್ತರದ್ದು ಒಂದು ವಾದವಿದೆ. ಅದನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಕೊಳವೆಗಳ ವರದಿಯನ್ನು ಬರೆದ ಇಬ್ಬರಲ್ಲಿ ಒಬ್ಬರಾದ ಜುಡಿತ್ ಮಿಲ್ಲರ್ ಆಮೇಲೆ ಕೊಟ್ಟ ಉತ್ತರದ ಸಾರ ಇಷ್ಟು: ಸರ್ಕಾರದ ಮಾಹಿತಿಯನ್ನು ತೂಗಿ ನೋಡುವುದು ನನ್ನ ಕೆಲಸವಲ್ಲ, ಇರಾಕಿನ ಶಸ್ತ್ರಗಳ ಬಗ್ಗೆ ಸರ್ಕಾರ ಏನು ಯೋಚಿಸುತ್ತಿದೆ ಎಂದು ಓದುಗರಿಗೆ ತಿಳಿಸುವುದಷ್ಟೇ ನನ್ನ ಕೆಲಸ. ಮೇಲುನೋಟಕ್ಕೆ ಇದು ವಿನಯದ ಮಾತಿನಂತೆ ಕೇಳಿಸುತ್ತದೆ. ಗುಪ್ತಚರ ಸಂಸ್ಥೆಗಳ ಗುಟ್ಟನ್ನು ಒಬ್ಬ ವರದಿಗಾರ್ತಿ ಪರೀಕ್ಷಿಸುವುದಾದರೂ ಹೇಗೆ? ಅಂಚೆಯವನು ಕಾಗದ ಒಡೆದು ಓದುತ್ತಾನೆಯೇ?

ಆದರೆ ಪತ್ರಕರ್ತ ಅಂಚೆಯವನಲ್ಲ. ಅಂಚೆಯವನು ಎಲ್ಲರ ಕಾಗದವನ್ನೂ ಒಂದೇ ರೀತಿ ಮುಟ್ಟಿಸುತ್ತಾನೆ. ಪತ್ರಿಕೆ ಆರಿಸುತ್ತದೆ. ಒಂದನ್ನು ಮುಖಪುಟಕ್ಕೆ ಏರಿಸುತ್ತದೆ, ಇನ್ನೊಂದನ್ನು ಒಳಪುಟದ ಮೂಲೆಗೆ ತಳ್ಳುತ್ತದೆ, ಮತ್ತೊಂದನ್ನು ಕಸದ ಬುಟ್ಟಿಗೆ ಹಾಕುತ್ತದೆ. ಆರಿಸುವ ಅಧಿಕಾರ ಇರುವವನಿಗೆ ಆರಿಸಿದ್ದರ ಹೊಣೆಯೂ ಇರುತ್ತದೆ. ಇನ್ನು, ಪರೀಕ್ಷಿಸುವುದು ಅಸಾಧ್ಯವಾಗಿತ್ತೇ? ಇಲ್ಲ. ಆ ಕೊಳವೆಗಳು ಅಣುಬಾಂಬಿಗಲ್ಲ, ಮಾಮೂಲಿ ರಾಕೆಟ್ಟುಗಳಿಗೆ ಎಂದು ಅಮೆರಿಕದ ಇಂಧನ ಇಲಾಖೆಯ ತಜ್ಞರೇ ಹೇಳುತ್ತಿದ್ದರು. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮ್ಮದ್ ಎಲ್‌ಬರದೈ 2003ರ ಮಾರ್ಚ್ 7ರಂದು ಭದ್ರತಾ ಮಂಡಳಿಯಲ್ಲೇ ಇನ್ನೊಂದು ಸಂಗತಿ ಬಯಲು ಮಾಡಿದರು. ಇರಾಕ್ ನೈಜರ್ ದೇಶದಿಂದ ಯುರೇನಿಯಂ ಕೊಳ್ಳಲು ಹೊರಟಿತ್ತು ಎಂಬುದಕ್ಕೆ ಆಧಾರವಾದ ಕಾಗದಪತ್ರಗಳು ಅಸಲಿ ಅಲ್ಲ ಎಂದರು. ಯುದ್ಧಕ್ಕೆ ಇನ್ನೂ ಹದಿಮೂರು ದಿನ ಬಾಕಿಯಿತ್ತು.

ನೈಟ್ ರಿಡ್ಡರ್ ಎಂಬ ಪತ್ರಿಕಾ ಸಮೂಹದ ಜೊನಾಥನ್ ಲ್ಯಾಂಡೇ ಮತ್ತು ವಾರೆನ್ ಸ್ಟ್ರೋಬೆಲ್ ಎಂಬ ವರದಿಗಾರರು ಆ ದಿನಗಳಲ್ಲೇ ಸರ್ಕಾರದ ಮಾತನ್ನು ಅನುಮಾನಿಸಿ ಬರೆದರು. ಅವರು ಮಾಡಿದ್ದು ಪವಾಡವೇನಲ್ಲ. ಮಂತ್ರಿಗಳ ಔತಣಕೂಟಗಳನ್ನು ಬಿಟ್ಟು ಕೆಳಗಿನ ದರ್ಜೆಯ ಅಧಿಕಾರಿಗಳನ್ನು, ಕಡತ ನೋಡುವವರನ್ನು ಕೇಳಿದರು. ಆದರೆ ಅವರ ವರದಿಗಳನ್ನು ಅವರದೇ ಸಮೂಹದ ಕೆಲವು ಪತ್ರಿಕೆಗಳು ಪ್ರಕಟಿಸಲಿಲ್ಲ. ಟೀವಿಯಲ್ಲಿ ಯುದ್ಧವಿರೋಧಿಗಳನ್ನು ಕರೆದು ಮಾತನಾಡಿಸುತ್ತಿದ್ದ ಫಿಲ್ ಡೊನಾಹ್ಯೂ ಅವರ ಕಾರ್ಯಕ್ರಮವನ್ನು ಎಂಎಸ್‌ಎನ್‌ಬಿಸಿ ವಾಹಿನಿ 2003ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಆ ವಾಹಿನಿಯಲ್ಲಿ ಹೆಚ್ಚು ಜನ ನೋಡುತ್ತಿದ್ದುದೇ ಆ ಕಾರ್ಯಕ್ರಮವನ್ನು. ಅಂದರೆ ಸತ್ಯ ಸಿಗದೆ ಹೋಗಿದ್ದಲ್ಲ. ಸಿಕ್ಕಿದ ಸತ್ಯಕ್ಕೆ ಜಗಲಿಯಲ್ಲಿ ಜಾಗ ಸಿಗಲಿಲ್ಲ.

ನ್ಯೂಯಾರ್ಕ್ ಟೈಮ್ಸ್ 2004ರ ಮೇ 26ರಂದು ತನ್ನ ಇರಾಕ್ ವರದಿಗಳಲ್ಲಿ ಕೆಲವು ಸಾಕಷ್ಟು ಬಿಗಿಯಾಗಿರಲಿಲ್ಲವೆಂದು ಒಪ್ಪಿಕೊಂಡಿತು. ಒಪ್ಪಿಕೊಂಡಿದ್ದು ಒಳ್ಳೆಯದೇ. ಆದರೆ ಆ ಟಿಪ್ಪಣಿ ಬಂದದ್ದು ಹತ್ತನೆಯ ಪುಟದಲ್ಲಿ. ಸುಳ್ಳಿಗೆ ಮೊದಲ ಪುಟ, ತಿದ್ದುಪಡಿಗೆ ಹತ್ತನೆಯ ಪುಟ. ಅಷ್ಟರಲ್ಲಿ ಬಾಗ್ದಾದ್ ಬಿದ್ದು ಒಂದು ವರ್ಷ ಕಳೆದಿತ್ತು. ಪತ್ರಿಕೆಯ ತಪ್ಪನ್ನು ಮರುದಿನದ ಪತ್ರಿಕೆ ತಿದ್ದಬಹುದು. ಬಾಂಬಿಗೆ ತಿದ್ದುಪಡಿ ಇಲ್ಲ. ಯಾರ ಕೈಯಿಂದಲೇ ಸತ್ತಿರಲಿ, ಆ ಯುದ್ಧ ಶುರುವಾದಂದಿನಿಂದ ಇರಾಕಿನಲ್ಲಿ ಹಿಂಸೆಗೆ ಬಲಿಯಾದ ನಾಗರಿಕರ ಸಂಖ್ಯೆ, ಇರಾಕ್ ಬಾಡಿ ಕೌಂಟ್ ಎಂಬ ಸ್ವತಂತ್ರ ಗುಂಪು ದಾಖಲೆ ಮಾಡಿದಷ್ಟೇ, 1,80,000 ದಾಟುತ್ತದೆ. ಅಮೆರಿಕದ ಸೈನಿಕರು ಸತ್ತರೆ ಹೆಸರು, ವಯಸ್ಸು, ಊರು, ಭಾವಚಿತ್ರ ಎಲ್ಲವೂ ಬಂದವು, ಬರಲೇಬೇಕು. ಇರಾಕಿನವರು ಸತ್ತಾಗ ಸಂಖ್ಯೆ ಮಾತ್ರ ಬಂತು, ಅದೂ ಅಂದಾಜಿನದು. ಹೆಸರಿಲ್ಲದ ಪಾತ್ರವನ್ನು ಓದುಗ ಬೇಗ ಮರೆಯುತ್ತಾನೆ ಎಂಬುದು ಕಥೆ ಬರೆಯುವ ನಮಗೆ ಚೆನ್ನಾಗಿ ಗೊತ್ತು. ಕಥೆಗಾರನಿಗೆ ಇಲ್ಲದ್ದನ್ನು ಕಲ್ಪಿಸುವ ಪರವಾನಿಗೆ ಇದೆ. ಆದರೆ ಅವನು ಇದು ಕಥೆ ಎಂದು ಮೊದಲೇ ಹೇಳಿಬಿಟ್ಟಿರುತ್ತಾನೆ.

ಇಂಥ ಸುದ್ದಿಗಳು ಯಾಕೆ ಇಷ್ಟು ಸುಲಭವಾಗಿ ಪಾರಾಗುತ್ತವೆ? ಅನುಮಾನಿಸುವುದೇ ಅಮಾನುಷ ಎನ್ನಿಸುವಂತೆ ಅವುಗಳನ್ನು ಕಟ್ಟಿರುತ್ತಾರೆ ಎಂಬುದು ಒಂದು ಕಾರಣ. 1990ರ ಅಕ್ಟೋಬರ್ 10ರಂದು ಹದಿನೈದು ವರ್ಷದ ಕುವೈತಿ ಹುಡುಗಿಯೊಬ್ಬಳು ಅಮೆರಿಕದ ಸಂಸದರ ಮುಂದೆ ಅಳುತ್ತಾ ಸಾಕ್ಷಿ ನುಡಿದಳು. ಇರಾಕಿ ಸೈನಿಕರು ಆಸ್ಪತ್ರೆಗೆ ನುಗ್ಗಿ, ಹಸುಗೂಸುಗಳನ್ನು ಇನ್‌ಕ್ಯುಬೇಟರುಗಳಿಂದ ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರು ಎಂದಳು. ಯಾವ ತಾಯಿ ತಂದೆ ಇದನ್ನು ಕೇಳಿ ಪುರಾವೆ ಕೊಡು ಎಂದಾರು? ಅಧ್ಯಕ್ಷ ಹಿರಿಯ ಬುಷ್ ಇದನ್ನು ಮತ್ತೆ ಮತ್ತೆ ಹೇಳಿದರು. ಮುಂದಿನ ಜನವರಿಯಲ್ಲಿ ಯುದ್ಧಕ್ಕೆ ಸೆನೆಟ್ ಒಪ್ಪಿದ್ದು ಬರಿಯ 52ಕ್ಕೆ 47 ಮತಗಳಿಂದ. ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಈ ಪ್ರಚಾರದ ಹಿಂದೆ ಒಂದು ದೊಡ್ಡ ಸಾರ್ವಜನಿಕ ಸಂಪರ್ಕ ಕಂಪನಿ ಇತ್ತು ಎಂಬುದು ಹೊರಬಿದ್ದದ್ದು 1992ರಲ್ಲಿ, ಯುದ್ಧ ಮುಗಿದ ಮೇಲೆ. ಆಕೆ ಹೇಳಿದ ಘಟನೆಗೆ ಆಧಾರ ಸಿಗಲಿಲ್ಲ. ಕುವೈತಿನ ಮೇಲೆ ಸದ್ದಾಮ್ ಮಾಡಿದ ಆಕ್ರಮಣ ನಿಜ, ಅಲ್ಲಿಯ ಜನ ಪಟ್ಟ ಪಾಡೂ ನಿಜ. ಆ ನಿಜಕ್ಕೆ ಸುಳ್ಳಿನ ಒಡವೆ ತೊಡಿಸುವ ಅಗತ್ಯ ಯಾರಿಗಿತ್ತು ಎಂಬುದೇ ಪ್ರಶ್ನೆ.

ಇದೆಲ್ಲ ಹಳೆಯ ಕಥೆ ಎನ್ನುವವರು 2023ರ ಅಕ್ಟೋಬರನ್ನು ನೆನಪಿಸಿಕೊಳ್ಳಲಿ. ಹಮಾಸ್ ದಾಳಿಯಲ್ಲಿ ಸುಮಾರು 1,200 ಮಂದಿ ಸತ್ತರು. ಆ ಘೋರಕ್ಕೆ ಬಣ್ಣ ಕಟ್ಟಬೇಕಾಗಿರಲಿಲ್ಲ. ಆದರೂ ಶಿರಚ್ಛೇದವಾದ ನಲವತ್ತು ಶಿಶುಗಳ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲಿ ಹಬ್ಬಿತು. ಮಕ್ಕಳ ಶಿರಚ್ಛೇದದ ಚಿತ್ರಗಳನ್ನು ತಾವು ನೋಡಿರುವಂತೆ ಅಧ್ಯಕ್ಷ ಬೈಡನ್ ಮಾತಾಡಿದರು. ಅವರು ಅಂಥ ಚಿತ್ರ ನೋಡಿಲ್ಲ ಎಂದು ಶ್ವೇತಭವನವೇ ಸ್ಪಷ್ಟನೆ ಕೊಟ್ಟಿತು. ಸ್ಪಷ್ಟನೆ ಎಷ್ಟು ಜನರನ್ನು ತಲುಪಿತು? ಅದರ ಬೆನ್ನಿಗೆ ಗಾಜಾದಲ್ಲಿ ಸಾವಿರಾರು ಮಕ್ಕಳು ಸತ್ತರು.

ಈ ಅಳತೆಗೋಲನ್ನು ಪರರಿಗೆ ಮಾತ್ರ ಹಿಡಿಯುವುದಾದರೆ ಅದು ಅಳತೆಗೋಲಲ್ಲ, ದೊಣ್ಣೆ. ನಮ್ಮ ಬೀದಿಗಳಲ್ಲಿ ಏನಾಯಿತು? ಅಮೆರಿಕದ ಟ್ಯಾಂಕುಗಳು ಬಾಗ್ದಾದಿನ ಒಳಗೇ ಓಡಾಡುತ್ತಿದ್ದಾಗ, ಒಂದು ಟ್ಯಾಂಕೂ ಬಂದಿಲ್ಲ ಎನ್ನುತ್ತಿದ್ದ ಇರಾಕಿನ ವಾರ್ತಾ ಸಚಿವ ಅಸ್‌ಸಹ್ಹಾಫ್ ಮಾತನ್ನು ನಮ್ಮಲ್ಲಿ ಅನೇಕರು ನಂಬಿದರು, ಯಾಕೆಂದರೆ ಅದು ನಂಬಲು ಹಿತವಾಗಿತ್ತು. 2001ರ ಸೆಪ್ಟೆಂಬರ್ 11ರಂದು ನಾಲ್ಕು ಸಾವಿರ ಯಹೂದಿಯರು ಕೆಲಸಕ್ಕೇ ಬಂದಿರಲಿಲ್ಲ ಎಂಬ ಕಟ್ಟುಕಥೆ ಜುಮಾ ನಮಾಜಿನ ನಂತರದ ಮಾತುಗಳಲ್ಲಿ ಸತ್ಯವೆಂಬಂತೆ ಓಡಾಡಿತು. ಅಂದು ಸತ್ತವರಲ್ಲಿ ನೂರಾರು ಯಹೂದಿಯರೂ ಇದ್ದರು. 1988ರ ಮಾರ್ಚ್ 16ರಂದು ಹಲಬ್ಜಾದಲ್ಲಿ ವಿಷಾನಿಲ ಬಿಟ್ಟು ಸಾವಿರಾರು ಕುರ್ದ್ ಮುಸ್ಲಿಮರನ್ನು ಕೊಂದ ಸದ್ದಾಮ್ ಕೆಲವರ ಬಾಯಲ್ಲಿ ಇಸ್ಲಾಮಿನ ವೀರನಾದರು. ಇರಾನಿನ ವಿರುದ್ಧ ಸದ್ದಾಮರ ಬೆನ್ನಿಗಿದ್ದ ಅಮೆರಿಕ ಅಂದು ಹಲಬ್ಜಾದ ದೋಷವನ್ನು ಇರಾನಿನ ಮೇಲೂ ಹೊರಿಸಲು ನೋಡಿತ್ತು ಎಂಬುದು ಬೇರೆ ಮಾತು. ಮಜ್ಲೂಮರ ಪರ ನಿಲ್ಲುವವನಿಗೆ ಸುಳ್ಳಿನ ರಿಯಾಯಿತಿ ಸಿಗುವುದಿಲ್ಲ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕು ಎಂಬರ್ಥದ ಪ್ರವಾದಿ ವಚನ ಯಾರನ್ನೂ ಹೊರಗಿಟ್ಟಿಲ್ಲ.

ಹಾಗಾದರೆ ಕನ್ನಡದ ಓದುಗನ ಪಾಲು ಏನು? ನಮ್ಮ ಪತ್ರಿಕೆಗಳಿಗೆ ಹೊರದೇಶದ ಸುದ್ದಿ ಬರುವುದು ಬಹುಪಾಲು ಸುದ್ದಿ ಸಂಸ್ಥೆಗಳ ಇಂಗ್ಲಿಷಿನಿಂದ. ರಾತ್ರಿ ಪಾಳಿಯ ಉಪಸಂಪಾದಕ ಅದನ್ನು ಅವಸರದಲ್ಲಿ ಕನ್ನಡಕ್ಕೆ ತರುತ್ತಾನೆ. ನಮ್ಮ ಭಾಷೆಯಲ್ಲಿ ಅವನ ನೆರವಿಗೆ ಮೂರು ಪದಗಳು ಕಾದಿರುತ್ತವೆ: ಎನ್ನಲಾಗಿದೆ, ತಿಳಿದುಬಂದಿದೆ, ಮೂಲಗಳು ತಿಳಿಸಿವೆ. ಎನ್ನಲಾಗಿದೆ, ಯಾರಿಂದ? ತಿಳಿದುಬಂದಿದೆ, ಯಾರಿಗೆ? ರಾವಿಯ ಮುಖಕ್ಕೆ ಮುಸುಕು ಹಾಕುವ ಕ್ರಿಯಾಪದಗಳು ಇವು. ಶೀರ್ಷಿಕೆಗೆ ಬರುವ ಹೊತ್ತಿಗೆ ಆ ಮುಸುಕೂ ಉಳಿಯುವುದಿಲ್ಲ. ಒಬ್ಬ ಸೇನಾ ವಕ್ತಾರನ ಹೇಳಿಕೆಯು ನಡೆದೇ ಹೋದ ಘಟನೆಯಾಗಿಬಿಟ್ಟಿರುತ್ತದೆ. 2007ರ ಜುಲೈ 12ರಂದು ಬಾಗ್ದಾದಿನಲ್ಲಿ ಅಮೆರಿಕದ ಹೆಲಿಕಾಪ್ಟರ್ ರಾಯಿಟರ್ಸ್ ಸಂಸ್ಥೆಯ ಇಬ್ಬರು ನೌಕರರನ್ನು ಕೊಂದಾಗ, ಬಂಡುಕೋರರೊಡನೆ ನಡೆದ ಕಾಳಗದಲ್ಲಿ ಸತ್ತರು ಎಂದು ಸೇನೆ ಹೇಳಿತ್ತು. 2010ರ ಏಪ್ರಿಲ್‌ನಲ್ಲಿ ವಿಕಿಲೀಕ್ಸ್ ಆ ಹೆಲಿಕಾಪ್ಟರಿನದೇ ವಿಡಿಯೋ ಬಿಡುಗಡೆ ಮಾಡಿದಾಗ ಜಗತ್ತು ಕಂಡ ದೃಶ್ಯವೇ ಬೇರೆ. ನಡುವಿನ ಮೂರು ವರ್ಷ ಸೇನೆಯ ಮಾತೇ ಸುದ್ದಿಯಾಗಿ ನಿಂತಿತ್ತು.

ಸುಳ್ಳು ಹುಟ್ಟಿಸಿದವನ ಪಾಪ ದೊಡ್ಡದು. ದಾಟಿಸಿದವನ ಪಾಪ ಅದರಷ್ಟೇ ಅಲ್ಲ ಎಂದು ನಾನು ಒಪ್ಪುತ್ತೇನೆ. ಅವನು ಕೊಲ್ಲಬೇಕೆಂದು ಹೊರಟವನಲ್ಲ. ಆದರೆ ಪರೀಕ್ಷಿಸಲು ಸಾಧ್ಯವಿದ್ದೂ ಪರೀಕ್ಷಿಸದೆ, ಅನುಮಾನದ ದನಿ ಕೇಳಿಸಿದ್ದೂ ಅದಕ್ಕೆ ಜಾಗ ಕೊಡದೆ ದಾಟಿಸಿದ ಮೇಲೆ, ನಾನು ಹೇಳಿದ್ದನ್ನಷ್ಟೇ ಹೇಳಿದೆ ಎಂಬ ನೆಪ ಅವನಿಗೆ ಉಳಿಯುವುದಿಲ್ಲ. ಈಗ ಕೈಗೊಂದು ಮೊಬೈಲು ಬಂದ ಮೇಲೆ ನಾವೆಲ್ಲರೂ ರಾವಿಗಳೇ. ದಿನಕ್ಕೆ ಹತ್ತು ಸುದ್ದಿ ದಾಟಿಸುತ್ತೇವೆ, ಒಂದಕ್ಕೂ ಸರಪಳಿ ಕೇಳುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ನಾಡಿನವರು ನಾವು. ನಾಳೆ ಬೆಳಗ್ಗೆ ಯಾವುದೋ ದೇಶದ ಮೇಲೆ ಬಾಂಬು ಹಾಕಲು ಕಾರಣ ಕೊಡುವ ವರದಿಯೊಂದು ಪತ್ರಿಕೆಯಲ್ಲಿ ಬಂದು, ಕೊನೆಯಲ್ಲಿ ತಿಳಿದುಬಂದಿದೆ ಎಂದಿದ್ದರೆ, ಸಂಪಾದಕರಿಗೆ ಒಂದು ಕಾರ್ಡು ಬರೆಯೋಣ. ಎರಡೇ ಪದ ಸಾಕು: ರಾವಿ ಯಾರು?